ಹಳೆಯ ಸ್ಟುಡಿಯೊ ಕಂಪ್ರೆಸರ್‌ಗೆ ಮತ್ತೆ ಜೀವ: ಬಳ್ಳಾರಿಯ ಬಿಸಿಲು, ಧೂಳಿನಲ್ಲಿ ರಿಪೇರಿ ಮಾಡುವ ಪೂರ್ತಿ ವಿಧಾನ

ದೊಡ್ಡಾಟದ ಪದಗಳನ್ನು ರೆಕಾರ್ಡ್ ಮಾಡಲು ಕೂತವರಿಗೆ ಒಂದು ಕಷ್ಟ ಬೇಗ ಗೊತ್ತಾಗುತ್ತದೆ. ಭಾಗವತರು ಪದ ಎತ್ತುವಾಗ ದನಿ ಮೆಲ್ಲಗಿರುತ್ತದೆ. ಕೇಳಲಿ ಅಂತ ಮೈಕಿನ ಮಟ್ಟ ಏರಿಸುತ್ತೀರಿ. ಅಷ್ಟರಲ್ಲಿ ಪಾತ್ರಧಾರಿ ಒಮ್ಮೆ ಅಬ್ಬರಿಸುತ್ತಾನೆ, ಮದ್ದಳೆಗೆ ಜೋರು ಪೆಟ್ಟು ಬೀಳುತ್ತದೆ. ರೆಕಾರ್ಡಿಂಗ್ ಒಡೆದು ಹೋಯಿತು. ಮೈಕ್ ಇಲ್ಲದ ಬಯಲಲ್ಲಿ ಕೊನೆಯ ಸಾಲಿಗೂ ಮುಟ್ಟಬೇಕು ಅಂತ ಪಳಗಿದ ದನಿ ಅದು. ಅದನ್ನು ತಗ್ಗಿಸಿ ಹಾಡಿ ಅನ್ನುವುದು ತಪ್ಪು. ತಗ್ಗಬೇಕಾದ್ದು ನಮ್ಮ ಯಂತ್ರ. ಜೋರು ಸದ್ದು ಬಂದ ತಕ್ಷಣ ಮಟ್ಟವನ್ನು ತಾನೇ ಇಳಿಸಿ, ಸದ್ದು ಹೋದಮೇಲೆ ಮತ್ತೆ ಏರಿಸುವ ಯಂತ್ರವೇ ಕಂಪ್ರೆಸರ್.

ನಾನು ಬಳ್ಳಾರಿಯಲ್ಲಿ ಆಡಿಯೊ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಕ್ಯಾಸೆಟ್ ಕಾಲದ ರೆಕಾರ್ಡಿಂಗ್ ಕೋಣೆಗಳು ಮುಚ್ಚಿದಾಗ ಅಲ್ಲಿನ ಯಂತ್ರಗಳು ಅಟ್ಟಕ್ಕೋ ಗುಜರಿಗೋ ಹೋದವು. ಅಂಥವು ಈಗಲೂ ಒಂದೊಂದಾಗಿ ನನ್ನ ಬೆಂಚಿಗೆ ಬರುತ್ತವೆ. ತಂದವರು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಒಳಗಿನ ಕಂಡೆನ್ಸರ್ ಎಲ್ಲಾ ಹೊಸದು ಹಾಕಿಬಿಡ್ರಿ." ಕಂಡೆನ್ಸರ್ ಅಂದರೆ ಕೆಪಾಸಿಟರ್, ವಿದ್ಯುತ್ತನ್ನು ಸ್ವಲ್ಪ ಹೊತ್ತು ಕೂಡಿಟ್ಟು ಬಿಡುವ ಭಾಗ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಕೆಲಸ ನಾನು ಮಾಡುವುದಿಲ್ಲ. ಹಳೆಯ ಕಂಪ್ರೆಸರ್‌ನ ಗುಣ ಅದರ ಕೆಲವೇ ಭಾಗಗಳಲ್ಲಿ ಇರುತ್ತದೆ. ಅಳೆಯದೆ ಬದಲಾಯಿಸಿದರೆ ಆ ಗುಣವೇ ಹೋಗುತ್ತದೆ. ಈ ಬರಹದುದ್ದಕ್ಕೂ ಅದೇ ನನ್ನ ಹಟ: ಮೊದಲು ಅಳತೆ, ಆಮೇಲೆ ಬೆಸುಗೆ.

ಒಳಗೆ ಏನು ನಡೆಯುತ್ತದೆ

ಯಾವ ಕಂಪ್ರೆಸರ್ ಆದರೂ ಎರಡು ಕೆಲಸ ಇವೆ. ಒಂದು ದಾರಿಯಲ್ಲಿ ಹಾಡು ಹೋಗುತ್ತದೆ. ಇನ್ನೊಂದು ದಾರಿ ಹಾಡಿನ ಮಟ್ಟವನ್ನು ನೋಡುತ್ತಾ ಕೂರುತ್ತದೆ. ಎರಡನೆಯದು ಮೊದಲನೆಯದಕ್ಕೆ "ಇಳಿಸು" ಅಂತ ಒಂದು ಡಿಸಿ ವೋಲ್ಟೇಜ್ ಮೂಲಕ ಹೇಳುತ್ತದೆ. ಆ ಮಾತನ್ನು ಕೇಳಿ ನಿಜವಾಗಿ ಮಟ್ಟ ಇಳಿಸುವ ಭಾಗ ಯಾವುದು ಅನ್ನುವುದರ ಮೇಲೆ ಕಂಪ್ರೆಸರ್‌ಗಳ ಜಾತಿ ಬೇರೆಯಾಗುತ್ತದೆ.

ಹಳೆಯವು ವಾಲ್ವಿನವು, ಅಂದರೆ ಹಳೇ ರೇಡಿಯೊಗಳಲ್ಲಿದ್ದಂಥ ಗಾಜಿನ ಬುರುಡೆಗಳವು. ಒಳಗಿನ ಗ್ರಿಡ್ ಅನ್ನುವ ಜಾಲರಿಯ ವೋಲ್ಟೇಜ್ ಬದಲಾದಂತೆ ಗೇನ್ (ಸಿಗ್ನಲ್ ದೊಡ್ಡದಾಗುವ ಪ್ರಮಾಣ) ನಿಧಾನಕ್ಕೆ ಇಳಿಯುವ ವಾಲ್ವ್‌ಗಳನ್ನು ಇವುಗಳಲ್ಲಿ ಹಾಕುತ್ತಿದ್ದರು. ರೈನ್ ನಾರ್ಮಾ ವಿನ್ಯಾಸ ಮಾಡಿದ ಫೇರ್‌ಚೈಲ್ಡ್ 670 ಈ ಜಾತಿಯದು. ಅದರಲ್ಲಿ 20 ವಾಲ್ವ್‌ಗಳಿವೆ, ತೂಕ ಸುಮಾರು 30 ಕಿಲೊ. ನಮ್ಮ ಕಡೆ ಅದು ಕೈಗೆ ಸಿಗುವುದು ಕಷ್ಟ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಎರಡನೆಯದು ಬೆಳಕಿನದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಜಿಮ್ ಲಾರೆನ್ಸ್ ಮಾಡಿದ ಟೆಲಿಟ್ರಾನಿಕ್ಸ್ ಎಲ್‌ಎ-2ಎ ಇದರ ಹೆಸರಾಂತ ಯಂತ್ರ. ಒಂದು ಸಣ್ಣ ಡಬ್ಬಿಯೊಳಗೆ ಬೆಳಗುವ ಪಟ್ಟಿ ಇದೆ. ಅದರ ಎದುರು ಕ್ಯಾಡ್ಮಿಯಂ ಸಲ್ಫೈಡ್ ಸೆಲ್‌ಗಳಿವೆ. ಹಾಡು ಜೋರಾದಷ್ಟೂ ಪಟ್ಟಿ ಬೆಳಗುತ್ತದೆ, ಸೆಲ್‌ನ ರೆಸಿಸ್ಟೆನ್ಸ್ ಇಳಿಯುತ್ತದೆ, ಹಾಡಿನ ಮಟ್ಟವೂ ಇಳಿಯುತ್ತದೆ. ಈ ಸೆಲ್‌ಗೆ ನೆನಪಿದೆ. ಸದ್ದು ನಿಂತಮೇಲೆ ಅರ್ಧದಷ್ಟು ಬೇಗ ಬಿಡುತ್ತದೆ, ಉಳಿದರ್ಧವನ್ನು ಕೆಲವು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಬಿಡುತ್ತದೆ. ತತ್ವಪದ ಹಾಡುವವರ ದನಿಗೆ ಇದರಷ್ಟು ಒಪ್ಪುವುದು ನನಗೆ ಬೇರೆ ಸಿಕ್ಕಿಲ್ಲ.

ಮೂರನೆಯದು ಎಫ್‌ಇಟಿ, ಗೇಟ್ ಅನ್ನುವ ಕಾಲಿನ ವೋಲ್ಟೇಜ್‌ನಿಂದ ನಡೆಯುವ ಒಂದು ಬಗೆಯ ಟ್ರಾನ್ಸಿಸ್ಟರ್. ಬಿಲ್ ಪುಟ್ನಮ್ 1967ರ ಹೊತ್ತಿಗೆ ತಂದ 1176 ಈ ಜಾತಿಯದು. ಇದಕ್ಕೂ ಮುಂಚೆ ಅವರದೇ 176 ಅನ್ನುವ ವಾಲ್ವ್ ಯಂತ್ರ ಇತ್ತು. 1176ರಲ್ಲಿ ಹಾಡಿನ ತಂತಿಯಿಂದ ಗ್ರೌಂಡ್‌ಗೆ ಒಂದು ಎಫ್‌ಇಟಿ ಕೂರಿಸಿದ್ದಾರೆ. ಅದರ ಗೇಟ್‌ಗೆ ಸಾಕಷ್ಟು ನೆಗೆಟಿವ್ ವೋಲ್ಟೇಜ್ ಇದ್ದರೆ ಎಫ್‌ಇಟಿ ಮುಚ್ಚಿದ ನಲ್ಲಿಯ ಹಾಗೆ. ಸಿಗ್ನಲ್ ಪೂರ್ತಿ ಮುಂದೆ ಹೋಗುತ್ತದೆ. ಗೇಟ್ ಸೊನ್ನೆಯ ಕಡೆ ಬಂದಷ್ಟೂ ನಲ್ಲಿ ತೆರೆದು, ಸಿಗ್ನಲ್ ಗ್ರೌಂಡ್‌ಗೆ ಸೋರುತ್ತದೆ. ಇದು ಬಹಳ ಚುರುಕು. ಅಟ್ಯಾಕ್ (ಜೋರು ಸದ್ದು ಬಂದಮೇಲೆ ಮಟ್ಟ ಇಳಿಸಲು ಬೇಕಾಗುವ ಸಮಯ) 20ರಿಂದ 800 ಮೈಕ್ರೊಸೆಕೆಂಡ್, ರಿಲೀಸ್ (ಸದ್ದು ಹೋದಮೇಲೆ ಮತ್ತೆ ಏರಿಸುವ ಸಮಯ) 50 ಮಿಲಿಸೆಕೆಂಡ್‌ನಿಂದ 1.1 ಸೆಕೆಂಡ್. ಮದ್ದಳೆಯ ಪೆಟ್ಟನ್ನು ಹಿಡಿಯಲು ಈ ವೇಗ ಬೇಕೇಬೇಕು.

ನಾಲ್ಕನೆಯದು ವಿಸಿಎ, ಅಂದರೆ ವೋಲ್ಟೇಜ್ ಹೇಳಿದಂತೆ ಗೇನ್ ಬದಲಿಸುವ ಆಂಪ್ಲಿಫೈಯರ್. ಡೇವಿಡ್ ಬ್ಲ್ಯಾಕ್‌ಮರ್ ಅವರ ಡಿಬಿಎಕ್ಸ್ 160 ಇದಕ್ಕೆ ಉದಾಹರಣೆ. ಇದರ ಗೇನ್ ಭಾಗ ಅಂಟು ತುಂಬಿದ ಡಬ್ಬಿಯಲ್ಲಿದೆ. ಅದು ಸತ್ತರೆ ಒಳಗೆ ರಿಪೇರಿ ಇಲ್ಲ, ಪೂರ್ತಿ ಡಬ್ಬಿಯನ್ನೇ ಬದಲಿಸಬೇಕು.

ಮುಂದಿನ ಹೆಜ್ಜೆಗಳನ್ನು 1176 ಮಾದರಿಯನ್ನು ಎದುರಿಗೆ ಇಟ್ಟುಕೊಂಡು ಹೇಳುತ್ತೇನೆ. ಅದರ ನಕಲುಗಳು ಜಾಸ್ತಿ, ಕಲಿಯಲೂ ಅದೇ ಒಳ್ಳೆಯದು. ಬೆಳಕಿನ ಯಂತ್ರದ ಮಾತು ಕೊನೆಯ ಕಡೆ ಬರುತ್ತದೆ.

ಹೆಜ್ಜೆ 1: ಸ್ವಿಚ್ ಹಾಕಬೇಡಿ

ಹತ್ತು ವರ್ಷ ಮಲಗಿದ್ದ ಯಂತ್ರ ಕೈಗೆ ಬಂದ ತಕ್ಷಣ "ಓಡುತ್ತಾ ನೋಡೋಣ" ಅಂತ ಪ್ಲಗ್ ಚುಚ್ಚುವವರೇ ಜಾಸ್ತಿ. ದಯವಿಟ್ಟು ಬೇಡ.

ಮೊದಲು ಹಿಂಬದಿಯ ವೋಲ್ಟೇಜ್ ನೋಡಿ. ಇವು ಅಮೆರಿಕದ ಯಂತ್ರಗಳು. ಎಷ್ಟೋ ಯಂತ್ರ 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದವು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸೆಲೆಕ್ಟರ್ ಸ್ವಿಚ್ ಇದ್ದರೆ ಅದರ ಸ್ಥಾನವನ್ನು ಕಣ್ಣಾರೆ ನೋಡಿ. ಒಮ್ಮೆ ನಾನು ರಾತ್ರಿ ಹನ್ನೊಂದಕ್ಕೆ, ದಣಿದ ಕಣ್ಣಲ್ಲಿ, ಸೆಲೆಕ್ಟರ್ 115ರಲ್ಲಿ ಇರುವಾಗಲೇ ಪ್ಲಗ್ ಹಾಕಿದೆ. ಒಳಗೆ ಸರಿಯಾದ ಅಳತೆಯ ಫ್ಯೂಸ್ ಇದ್ದುದರಿಂದ ಅದು ಹೋಗಿ ಟ್ರಾನ್ಸ್‌ಫಾರ್ಮರ್ ಉಳಿಯಿತು. ಅವತ್ತಿನಿಂದ ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿದ ಯಂತ್ರ ಬಂದರೆ ಮೊದಲು ಅದನ್ನೇ ಕಿತ್ತು ಹಾಕುತ್ತೇನೆ.

60 ಹರ್ಟ್ಸ್ ವಿಷಯವನ್ನು ಎಷ್ಟೋ ಜನ ಮರೆಯುತ್ತಾರೆ. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಅದೇ ವೋಲ್ಟೇಜ್‌ಗೆ ಕೋರಿನಲ್ಲಿ ಅಯಸ್ಕಾಂತದ ಹರಿವು ಶೇ 20 ಏರುತ್ತದೆ. ಲೆಕ್ಕ ಸುಲಭ: 115 ಅನ್ನು 50ರಿಂದ ಗುಣಿಸಿ 60ರಿಂದ ಭಾಗಿಸಿ. ಸುಮಾರು 96 ವೋಲ್ಟ್ ಬರುತ್ತದೆ. ಅದಕ್ಕೇ ಇಂಥ ಯಂತ್ರಕ್ಕೆ ನಾನು 100 ವೋಲ್ಟ್ ಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸುತ್ತಿಸುತ್ತೇನೆ. ಪಂಪ್‌ಸೆಟ್ ಮೋಟಾರ್ ಸುತ್ತುವ ರೀವೈಂಡಿಂಗ್ ಅಂಗಡಿಯವರೇ ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ. ಪ್ರೈಮರಿ, ಸೆಕೆಂಡರಿ ಬೇರೆ ಬೇರೆ ಇರಲಿ ಅಂತ ಒತ್ತಿ ಹೇಳಿ. ಒಂದೇ ಸುತ್ತಿನ ಆಟೊ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಕೈ ತಗುಲಿದರೆ ಕಾಪಾಡುವುದಿಲ್ಲ. 100 ವೋಲ್ಟ್‌ನಲ್ಲಿ ಒಳಗಿನ ವೋಲ್ಟೇಜ್‌ಗಳು ಸರಿಯಾಗಿ ಬರುತ್ತವೆಯೇ ಅಂತ ಆಮೇಲೆ ಅಳೆಯಲೇಬೇಕು.

ಎರಡು ಪಿನ್ನಿನ ಹಳೇ ವೈರ್ ಇದ್ದರೆ ಮೂರು ಪಿನ್ನಿನದು ಹಾಕಿ. ಅರ್ಥ್ ತಂತಿ ಚಾಸಿಗೆ ಬೋಲ್ಟ್ ಹಾಕಿ ಬಿಗಿಯಬೇಕು.

ಹೆಜ್ಜೆ 2: ಧೂಳು ತೆಗೆಯುವುದು

ಇದು ಸುಮ್ನೆ ಅಂದಕ್ಕೆ ಮಾಡುವ ಕೆಲಸ ಅಂತ ತಿಳಿಯಬೇಡಿ. ನಮ್ಮ ಜಿಲ್ಲೆಯ ಯಂತ್ರ ತೆರೆದರೆ ಅದಿರಿನ ಕೆಂಪು ಧೂಳು ಬೋರ್ಡಿನ ಮೇಲೆ ಪದರವಾಗಿ ಕೂತಿರುತ್ತದೆ. ಜೀನ್ಸ್ ಹೊಲಿಯುವ ಓಣಿಗಳಿಂದ ಬಂದದ್ದಾದರೆ ಅದರ ಜೊತೆ ನೂಲಿನ ಎಳೆಗಳೂ ಸೇರಿರುತ್ತವೆ. ಮಳೆಗಾಲದ ತೇವ ಸೇರಿದಾಗ ಈ ಪದರದಲ್ಲಿ ಸ್ವಲ್ಪ ಕರೆಂಟ್ ಸೋರುತ್ತದೆ. ಎಫ್‌ಇಟಿ ಗೇಟಿನ ಸುತ್ತ ಇರುವುದು ಮೆಗಾಓಮ್ ಲೆಕ್ಕದ ರೆಸಿಸ್ಟರ್‌ಗಳು. ಅಲ್ಲಿ ಆ ಸಣ್ಣ ಸೋರಿಕೆಯೇ ದೊಡ್ಡದು. ರಿಲೀಸ್ ಒಂದು ಸೆಕೆಂಡ್ ಇರಬೇಕಾದಲ್ಲಿ ಅರ್ಧಕ್ಕೆ ಇಳಿಯುತ್ತದೆ. "ಕಂಡೆನ್ಸರ್ ಹೋಗಿದೆ" ಅಂತ ಬಂದ ಎರಡು ಯಂತ್ರ ಬರೀ ತೊಳೆದಿದ್ದಕ್ಕೇ ಸರಿಯಾದವು.

ಒಣ ಪೇಂಟ್ ಬ್ರಷ್‌ನಿಂದ ಧೂಳನ್ನು ಸಡಿಲಿಸಿ. ಬ್ಲೋವರ್ ಒಂದಡಿ ದೂರದಿಂದ ಊದಲಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬ್ರಷ್‌ನಿಂದ ಬೋರ್ಡ್ ಒರೆಸಿ. ಮುಖದ ಅಕ್ಷರಗಳಿಗೂ ಮೀಟರಿನ ಗಾಜಿಗೂ ಅದನ್ನು ತಾಗಿಸಬೇಡಿ. ಪಾಟ್ (ನಾಬಿನ ಹಿಂದಿರುವ ತಿರುಗುವ ರೆಸಿಸ್ಟರ್) ಮತ್ತು ಬಟನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡವೇ ಬೇಡ. ಅದು ಎಣ್ಣೆ ಬಿಟ್ಟು ಹೋಗುತ್ತದೆ, ಅದಕ್ಕೆ ಮತ್ತೆ ಧೂಳು ಅಂಟುತ್ತದೆ.

ಹೆಜ್ಜೆ 3: ಸೀರೀಸ್ ಬಲ್ಬ್ ಮೂಲಕ ಮೊದಲ ಕರೆಂಟ್

ರಿಪೇರಿ ಅಂಗಡಿಯ ಸೀರೀಸ್ ಬೋರ್ಡ್ ನೋಡಿರುತ್ತೀರಿ, ಅಲ್ವಾ? ಬಲ್ಬ್ ಮತ್ತು ಸಾಕೆಟ್ ಸರಣಿಯಲ್ಲಿರುತ್ತವೆ. 1176 ತೆಗೆದುಕೊಳ್ಳುವ ಕರೆಂಟ್ ಕಡಿಮೆ, ಹಾಗಾಗಿ 40 ವ್ಯಾಟಿನ ಬಲ್ಬ್ ಸಾಕು. ಅದು ಹಳೇ ತಂತಿ ಬಲ್ಬೇ ಆಗಿರಬೇಕು. ಎಲ್‌ಇಡಿ ಬಲ್ಬ್ ಈ ಕೆಲಸ ಮಾಡಲ್ಲ. 115 ವೋಲ್ಟಿನ ಯಂತ್ರವಾದರೆ ಸೀರೀಸ್ ಬೋರ್ಡ್ ಮೊದಲು, ಸ್ಟೆಪ್‌ಡೌನ್ ಆಮೇಲೆ, ಯಂತ್ರ ಕೊನೆಗೆ.

ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ತಕ್ಷಣ ಆರಿಸಿ, ಡಯೋಡ್ ಮತ್ತು ಮೊದಲ ಫಿಲ್ಟರ್ ಕೆಪಾಸಿಟರ್ ನೋಡಿ. ಡಿಮ್ಮರ್‌ಸ್ಟಾಟ್ (ವೋಲ್ಟೇಜನ್ನು ಬೇಕಾದಷ್ಟು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದ್ದವರು ಅದರಿಂದ ಅರ್ಧ ಗಂಟೆಯಲ್ಲಿ ಸ್ವಲ್ಪಸ್ವಲ್ಪವೇ ಏರಿಸಬಹುದು. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಒಳಪದರ ಹೀಗೆ ನಿಧಾನವಾಗಿ ಏರಿಸಿದಾಗ ಮತ್ತೆ ಕಟ್ಟಿಕೊಳ್ಳುತ್ತದೆ.

ಬಲ್ಬ್ ತೆಗೆದಮೇಲೆ ಎರಡು ವೋಲ್ಟೇಜ್ ಅಳೆಯಿರಿ. 1176ರಲ್ಲಿ ಪ್ಲಸ್ 30 ಮತ್ತು ಮೈನಸ್ 10 ಇರಬೇಕು. ಆಮೇಲೆ ಮೀಟರನ್ನು ಎಸಿಗೆ ಹಾಕಿ ಅದೇ ಜಾಗ ಮುಟ್ಟಿ. ಕೆಲವು ಮಿಲಿವೋಲ್ಟ್ ಮಾತ್ರ ಬರಬೇಕು. ಜಾಸ್ತಿ ಬಂದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಕಿವಿಯಿಂದಲೂ ಗುರುತಿಸಬಹುದು. ಗುಂಯ್ ಅನ್ನುವ ಸದ್ದು 100 ಹರ್ಟ್ಸ್‌ನದಾದರೆ ಫಿಲ್ಟರ್ ಕಡೆ ನೋಡಿ. ಅದಕ್ಕಿಂತ ಒಂದು ಸಪ್ತಕ ಕೆಳಗಿನ 50 ಹರ್ಟ್ಸ್ ಆದರೆ ಗ್ರೌಂಡ್ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್ ಕಡೆ ನೋಡಿ.

ಹೆಜ್ಜೆ 4: ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು

ಬೆಸುಗೆ ಮುಟ್ಟುವ ಮೊದಲು ನಿಮ್ಮ ಯಂತ್ರದ ರಿವಿಷನ್ (ಕಾಲಕಾಲಕ್ಕೆ ತಿದ್ದಿ ತಂದ ಆವೃತ್ತಿ) ಯಾವುದು ಅಂತ ತಿಳಿದು, ಅದರದೇ ಸರ್ಕ್ಯೂಟ್ ನಕ್ಷೆ ಪ್ರಿಂಟ್ ಮಾಡಿಕೊಳ್ಳಿ. 1176ಕ್ಕೆ ಎ ಯಿಂದ ಎಚ್‌ವರೆಗೆ ರಿವಿಷನ್‌ಗಳಿವೆ. ಮೊದಲಿನವಕ್ಕೆ ಮೀಟರ್ ಸುತ್ತ ನೀಲಿ ಪಟ್ಟಿ. ಸಿ ರಿವಿಷನ್‌ನಲ್ಲಿ ಬ್ರಾಡ್ ಪ್ಲಂಕೆಟ್ ಮಾಡಿದ ಬದಲಾವಣೆಯಿಂದ ಒಳಗಿನ ಸುಯ್ ಸದ್ದು ಕಡಿಮೆಯಾಯಿತು, ಮುಖ ಕಪ್ಪಾಯಿತು. ಮುಂದೆ ಔಟ್‌ಪುಟ್ ಆಂಪ್ಲಿಫೈಯರ್ ಬೇರೆಯಾಯಿತು, ಇನ್ನೂ ಮುಂದೆ ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಯಿತು. ಒಂದರ ನಕ್ಷೆ ಹಿಡಿದು ಇನ್ನೊಂದನ್ನು ರಿಪೇರಿ ಮಾಡಿದರೆ ತಲೆ ಕೆಡುತ್ತದೆ.

ಎಲೆಕ್ಟ್ರೊಲಿಟಿಕ್‌ಗಳ ಬಗ್ಗೆ ನನ್ನ ಅಭಿಪ್ರಾಯ ಇದು. ಪವರ್ ಸಪ್ಲೈನಲ್ಲಿ ಇರುವವು ಇಪ್ಪತ್ತು ವರ್ಷ ದಾಟಿದ್ದರೆ ಬದಲಿಸಿ. ಹಾಡಿನ ದಾರಿಯಲ್ಲಿರುವವನ್ನು ಒಂದೊಂದಾಗಿ ಇಎಸ್‌ಆರ್ ಮೀಟರಿನಲ್ಲಿ (ಕೆಪಾಸಿಟರ್‌ನ ಒಳಗಿನ ರೆಸಿಸ್ಟೆನ್ಸ್ ತೋರಿಸುವ ಮೀಟರ್) ಅಳೆದು, ಕೆಟ್ಟವನ್ನು ಮಾತ್ರ ಬದಲಿಸಿ. ಫಿಲ್ಮ್ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಕೆಡುವುದಿಲ್ಲ, ಬಿಡಿ. ಕಾರ್ಬನ್ ರೆಸಿಸ್ಟರ್‌ಗಳ ಮೌಲ್ಯ ವರ್ಷ ಕಳೆದಂತೆ ಏರುತ್ತದೆ. ನಕ್ಷೆಯ ಅಳತೆಗಿಂತ ಶೇ 15ಕ್ಕಿಂತ ಹೆಚ್ಚು ದಾಟಿದ್ದನ್ನು ಮಾತ್ರ ತೆಗೆಯುತ್ತೇನೆ.

ಹೊಸ ಎಲೆಕ್ಟ್ರೊಲಿಟಿಕ್ ಕೊಳ್ಳುವಾಗ ಬಳ್ಳಾರಿ, ರಾಯಚೂರಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ರ‍್ಯಾಕಿನೊಳಗೆ 65 ಡಿಗ್ರಿ ಅಂತ ಇಟ್ಟುಕೊಳ್ಳೋಣ. ಶಾಖ 10 ಡಿಗ್ರಿ ಇಳಿದರೆ ಇಂಥ ಕೆಪಾಸಿಟರ್‌ನ ಆಯುಷ್ಯ ಎರಡರಷ್ಟಾಗುತ್ತದೆ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. 85 ಡಿಗ್ರಿಗೆ 2000 ಗಂಟೆ ಅಂತ ಬರೆದದ್ದು 65 ಡಿಗ್ರಿಯಲ್ಲಿ 8000 ಗಂಟೆ ಬಾಳುತ್ತದೆ. ದಿನಕ್ಕೆ 8 ಗಂಟೆ ಓಡಿಸಿದರೆ ಮೂರು ವರ್ಷವೂ ಇಲ್ಲ. 105 ಡಿಗ್ರಿಗೆ 2000 ಗಂಟೆಯದು ಅದೇ ಶಾಖದಲ್ಲಿ 32,000 ಗಂಟೆ, ಅಂದರೆ ಹತ್ತಿರ ಹತ್ತಿರ 11 ವರ್ಷ. ಬೆಲೆಯ ವ್ಯತ್ಯಾಸ ಕೆಲವೇ ರೂಪಾಯಿ. ಕಣ್ಣು ಮುಚ್ಚಿ 105ರದೇ ಹಾಕಿ. ಮೌಲ್ಯ ಮಾತ್ರ ಮೊದಲಿದ್ದಷ್ಟೇ ಇರಲಿ. "ದೊಡ್ಡದು ಹಾಕಿದರೆ ಬಾಸ್ ಬರುತ್ತೆ" ಅನ್ನುವ ಮಾತಿಗೆ ಕಿವಿಗೊಡಬೇಡಿ.

ಅಟ್ಯಾಕ್, ರಿಲೀಸ್ ಸಮಯ ನಿರ್ಧರಿಸುವ ಕೆಪಾಸಿಟರ್ ಬಗ್ಗೆ ತುಂಬಾ ಎಚ್ಚರ ಬೇಕು. ಯಂತ್ರದ ಉಸಿರಾಟ ಇರುವುದು ಅಲ್ಲಿ. 1 ಮೆಗಾಓಮ್ ರೆಸಿಸ್ಟರ್ ಜೊತೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿದರೆ 1 ಸೆಕೆಂಡಿನ ಕಾಲಮಾನ. ಕೆಪಾಸಿಟರ್ ಒಳಗೊಳಗೇ ಸೋರಿದರೆ ಈ ಲೆಕ್ಕ ಉಲ್ಟಾ ಆಗುತ್ತದೆ. ಬದಲಿಸಲೇಬೇಕಾದರೆ ಅದೇ ಮೌಲ್ಯದ ಫಿಲ್ಮ್ ಕೆಪಾಸಿಟರ್ ಹಾಕಿ.

ಬೆಸುಗೆಗೆ 60/40 ಲೆಡ್, 320 ಡಿಗ್ರಿಯ ಆಸುಪಾಸು, ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡ್. ಹಳೇ ಬೋರ್ಡಿನ ತಾಮ್ರದ ಗೆರೆಗಳು ಬೇಗ ಏಳುತ್ತವೆ. ಹಳೇ ಲೆಡ್ ಕರಗದಿದ್ದರೆ ಮೇಲೆ ಸ್ವಲ್ಪ ಹೊಸ ಲೆಡ್ ಸೇರಿಸಿ, ಆಮೇಲೆ ಹೀರಿ.

ಹೆಜ್ಜೆ 5: ಎಫ್‌ಇಟಿ ಆರಿಸುವುದು

ಯಂತ್ರ ಸಿಗ್ನಲ್ ಬಿಡುತ್ತದೆ, ಆದರೆ ಕಂಪ್ರೆಸ್ ಮಾಡುತ್ತಿಲ್ಲ. ಅಥವಾ ಕರಕರ ಅನ್ನುತ್ತಿದೆ. ಆಗ ಮಾತ್ರ ಎಫ್‌ಇಟಿ ಕಡೆ ಬನ್ನಿ. ಮೂಲ ಯಂತ್ರಗಳಲ್ಲಿ 2ಎನ್3819, 2ಎನ್5457 ನಂಬರಿನವು ಇರುತ್ತವೆ. ಇವು ಈಗ ಕಷ್ಟ. ಆನ್‌ಲೈನ್‌ನಲ್ಲಿ ಬೇರೆ ಮಾಲಿನ ಮೇಲೆ ಈ ನಂಬರ್ ಒತ್ತಿ ಮಾರುವುದೂ ಉಂಟು. ನಮ್ಮ ಡಿಪ್ಲೊಮಾ ಕಾಲೇಜುಗಳ ಲ್ಯಾಬಿನಲ್ಲಿ ಓದಿದವರಿಗೆ ಬಿಎಫ್‌ಡಬ್ಲ್ಯು10, ಬಿಎಫ್‌ಡಬ್ಲ್ಯು11 ನೆನಪಿರಬೇಕು. ನಾಲ್ಕು ಕಾಲಿನ ಪುಟ್ಟ ಲೋಹದ ಟೋಪಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗಬಹುದು. ನಕಲು ಯಂತ್ರಗಳನ್ನು ಕಟ್ಟುವಾಗ ಅಳೆದು ಆರಿಸಿದ ಬಿಎಫ್‌ಡಬ್ಲ್ಯು11 ಹಾಕಿದ್ದೇನೆ, ಚೆನ್ನಾಗಿ ಓಡುತ್ತಿವೆ. ನಾಲ್ಕನೆಯ ಕಾಲು ಬರೀ ಟೋಪಿಯದು, ಅದನ್ನು ಗ್ರೌಂಡ್‌ಗೆ ಕೊಡಿ. ಮೂಲ ಯಂತ್ರಕ್ಕೆ ಮಾತ್ರ ಮೂಲ ನಂಬರನ್ನೇ ಹುಡುಕಿ.

ಅಳೆಯಲು ದೊಡ್ಡ ಉಪಕರಣ ಬೇಡ. 9 ವೋಲ್ಟ್ ಬ್ಯಾಟರಿ, ಒಂದು ಡಿಜಿಟಲ್ ಮೀಟರ್ ಸಾಕು. ಗೇಟ್ ಬಿಟ್ಟರೆ ಎಫ್‌ಇಟಿಯ ಉಳಿದೆರಡು ಕಾಲು ಡ್ರೇನ್ ಮತ್ತು ಸೋರ್ಸ್. ಡ್ರೇನ್‌ಗೆ ಬ್ಯಾಟರಿಯ ಪ್ಲಸ್, ಗೇಟ್‌ಗೆ ಮೈನಸ್. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಕೆಂಪು ಕಡ್ಡಿ ಸೋರ್ಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. ಮೀಟರಿನ ಒಳಗಿನ 10 ಮೆಗಾಓಮ್ ಮೂಲಕ ಅತಿ ಕಡಿಮೆ ಕರೆಂಟ್ ಹರಿಯುತ್ತದೆ. ಮೀಟರ್ ತೋರಿಸುವ ಅಂಕಿಯೇ ಹೆಚ್ಚುಕಡಿಮೆ ಆ ಎಫ್‌ಇಟಿಯ ಪಿಂಚ್-ಆಫ್ ವೋಲ್ಟೇಜ್, ಅಂದರೆ ನಲ್ಲಿ ಪೂರ್ತಿ ಮುಚ್ಚುವ ವೋಲ್ಟೇಜ್. ಹತ್ತು ತುಂಡು ಅಳೆದರೆ ಹತ್ತು ಬೇರೆ ಅಂಕಿ ಬರುತ್ತವೆ, ಹೆದರಬೇಡಿ. ಎಫ್‌ಇಟಿಯ ಸ್ವಭಾವವೇ ಹಾಗೆ. ಹಳೆಯ ತುಂಡು ಬದುಕಿದ್ದರೆ ಅದರ ಅಂಕಿಗೆ ಹತ್ತಿರವಾದದ್ದನ್ನು ಹಾಕಿ. ಸ್ಟೀರಿಯೊಗೆ ಎರಡು ಯಂತ್ರ ಜೋಡಿಸುವವರು ಒಂದೇ ಅಂಕಿಯ ಜೋಡಿ ಆರಿಸಿಕೊಳ್ಳಿ.

ಹೆಜ್ಜೆ 6: ಟ್ರಾನ್ಸ್‌ಫಾರ್ಮರ್‌ಗೆ ಓಮ್ ಮೀಟರ್ ಹಚ್ಚಬೇಡಿ

ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೋರು ಬಹಳ ಸೂಕ್ಷ್ಮವಾದ ನಿಕಲ್ ಮಿಶ್ರಲೋಹದ್ದು. ಓಮ್ ಮೀಟರಿನ ಡಿಸಿ ಹರಿದರೆ ಅದು ಅಯಸ್ಕಾಂತವಾಗಿ, ಕೆಳಸ್ವರಗಳಲ್ಲಿ ಸದ್ದು ಒಡೆಯಲು ಶುರುವಾಗುತ್ತದೆ. ಒಂದು ಕಡೆ 1 ಕಿಲೊಹರ್ಟ್ಸ್ ಸಿಗ್ನಲ್ ಕೊಟ್ಟು ಇನ್ನೊಂದು ಕಡೆ ಬರುವ ಎಸಿ ವೋಲ್ಟೇಜ್ ಅಳೆಯಿರಿ. ಅಷ್ಟರಿಂದಲೇ ಸುರುಳಿ ತುಂಡಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೀಳಿಸುವುದು, ಸುತ್ತಿಗೆಯಿಂದ ತಟ್ಟುವುದು ಇವಕ್ಕೆ ಆಗಿಬರುವುದಿಲ್ಲ. ಕೂದಲಿಗಿಂತ ತೆಳ್ಳಗಿನ ತಂತಿ, ಪದರಪದರವಾಗಿ ಸುತ್ತಿರುತ್ತಾರೆ. ಇದನ್ನು ಮೋಟಾರ್ ಸುತ್ತುವವರ ಕೈಗೆ ಕೊಡಬೇಡಿ. ತುಂಡಾಗಿದ್ದರೆ ಆಡಿಯೊ ಟ್ರಾನ್ಸ್‌ಫಾರ್ಮರ್ ಮಾಡುವವರಿಂದಲೇ ತರಿಸಿ.

ಹೆಜ್ಜೆ 7: ಕ್ಯಾಲಿಬ್ರೇಷನ್

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಸಮಯ ತೆಗೆದುಕೊಳ್ಳಿ. ಯಂತ್ರವನ್ನು ಮುಚ್ಚಳ ಹಾಕಿ ಒಂದು ಗಂಟೆ ಓಡಿಸಿ. ಎಫ್‌ಇಟಿಯ ನಡತೆ ಶಾಖದ ಜೊತೆ ಬದಲಾಗುತ್ತದೆ. ತಣ್ಣಗಿರುವಾಗ ಹೊಂದಿಸಿದ್ದು ಬಿಸಿಯಾದಮೇಲೆ ತಪ್ಪುತ್ತದೆ.

ಆಡಿಯೊ ಇಂಟರ್‌ಫೇಸ್‌ನಿಂದ 1 ಕಿಲೊಹರ್ಟ್ಸ್ ಸೈನ್ ಅಲೆ ಕೊಡಿ. ಅಟ್ಯಾಕ್ ನಾಬನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಕ್ಲಿಕ್ ಅನ್ನುವವರೆಗೆ. ಈಗ ಕಂಪ್ರೆಷನ್ ನಿಂತಿದೆ. ಎಫ್‌ಇಟಿಯ ಗೇಟ್ ವೋಲ್ಟೇಜ್ ಹೊಂದಿಸುವ ಕ್ಯೂ-ಬಯಾಸ್ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಒಳಗಿನ ಪಾಟ್) ಅನ್ನು ಎಫ್‌ಇಟಿ ಪೂರ್ತಿ ಮುಚ್ಚುವ ಕಡೆಗೆ ತಿರುಗಿಸಿ. ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ಸರಿಯಾಗಿ 1 ವೋಲ್ಟ್ ಬರುವಂತೆ ಮಟ್ಟ ಹೊಂದಿಸಿ. ಈಗ ಪ್ರಿಸೆಟ್ ಅನ್ನು ನಿಧಾನವಾಗಿ ವಾಪಸ್ ತಿರುಗಿಸುತ್ತಾ ಬನ್ನಿ. ಔಟ್‌ಪುಟ್ 0.89 ವೋಲ್ಟ್‌ಗೆ ಇಳಿದಾಗ ನಿಲ್ಲಿಸಿ. ಅದು ಸರಿಯಾಗಿ 1 ಡಿಬಿ (ಡೆಸಿಬೆಲ್, ಮಟ್ಟದ ಏರಿಳಿತದ ಅಳತೆ) ಇಳಿತ. ಅಂದರೆ ಎಫ್‌ಇಟಿ ಈಗ ತೆರೆಯುವ ಅಂಚಿನಲ್ಲಿ ನಿಂತಿದೆ. ಇನ್ನೂ ಮುಚ್ಚಿದ್ದರೆ ಕಂಪ್ರೆಷನ್ ತಡವಾಗಿ ಶುರುವಾಗುತ್ತದೆ. ಜಾಸ್ತಿ ತೆರೆದಿದ್ದರೆ ಸದ್ದಿಲ್ಲದ ಹೊತ್ತಿನಲ್ಲೂ ಮಟ್ಟ ತಿನ್ನುತ್ತದೆ.

ಆಮೇಲೆ ಮೀಟರ್. ಗೇನ್ ರಿಡಕ್ಷನ್ ಬಟನ್ ಒತ್ತಿ, ಕಂಪ್ರೆಷನ್ ಇಲ್ಲದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲಲಿ. ನಿಜವಾಗಿ 10 ಡಿಬಿ ಇಳಿಸಿದಾಗ ಮುಳ್ಳೂ 10 ತೋರಿಸಬೇಕು. ಇವೆರಡರ ಪ್ರಿಸೆಟ್‌ಗಳು ಒಂದನ್ನೊಂದು ಎಳೆಯುತ್ತವೆ. ಮೂರು ನಾಲ್ಕು ಸಲ ಹಿಂದೆ ಮುಂದೆ ಓಡಾಡಬೇಕು.

ಇನ್‌ಪುಟ್ ಎಷ್ಟು ಏರಿದರೆ ಔಟ್‌ಪುಟ್ ಎಷ್ಟು ಏರುತ್ತದೆ ಅನ್ನುವ ರೇಷಿಯೊದ ಪರೀಕ್ಷೆ ಸುಲಭ. 4ರ ಬಟನ್ ಒತ್ತಿ, ಕಂಪ್ರೆಷನ್ ಚೆನ್ನಾಗಿ ಶುರುವಾದಮೇಲೆ ಇನ್‌ಪುಟ್ 10 ಡಿಬಿ ಏರಿಸಿ. ಔಟ್‌ಪುಟ್ ಸುಮಾರು 2.5 ಡಿಬಿ ಏರಬೇಕು. 20ರ ಬಟನ್‌ನಲ್ಲಿ ಅರ್ಧ ಡಿಬಿ ಏರಿದರೆ ಸರಿ. ಇದರಲ್ಲಿ ಬೇರೆ ಥ್ರೆಶೋಲ್ಡ್ ನಾಬ್ (ಯಾವ ಮಟ್ಟದಿಂದ ಕಂಪ್ರೆಷನ್ ಶುರುವಾಗಬೇಕು ಅಂತ ಹೇಳುವ ನಾಬ್) ಇಲ್ಲ ಅನ್ನುವುದು ನೆನಪಿರಲಿ. ಇನ್‌ಪುಟ್ ಏರಿಸಿದಷ್ಟೂ ಕಂಪ್ರೆಷನ್ ಜಾಸ್ತಿ. ಅಟ್ಯಾಕ್, ರಿಲೀಸ್ ನಾಬ್‌ಗಳು ಬಲಕ್ಕೆ ಹೋದಷ್ಟೂ ಚುರುಕು. ಹೊಸಬರು ಇದನ್ನು ಉಲ್ಟಾ ತಿಳಿದು ಯಂತ್ರ ಕೆಟ್ಟಿದೆ ಅಂತ ತಂದುಬಿಡುತ್ತಾರೆ.

ಸಮಯ ಅಳೆಯಲು 10 ಕಿಲೊಹರ್ಟ್ಸ್‌ನ ತುಂಡು ಸದ್ದು ಬಳಸಿ. ಅದರ ಒಂದು ಅಲೆ 100 ಮೈಕ್ರೊಸೆಕೆಂಡ್. ನಿಧಾನದ 800 ಮೈಕ್ರೊಸೆಕೆಂಡ್ ಅಟ್ಯಾಕ್ ಅಂದರೆ ಎಂಟು ಅಲೆ, ಸಿಆರ್‌ಒದಲ್ಲಿ (ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಎಣಿಸಬಹುದು. ರಿಲೀಸ್ ನೋಡಲು ಕಂಪ್ಯೂಟರಿನ ರೆಕಾರ್ಡಿಂಗ್ ಸಾಕು. ಆದರೆ 20 ಮೈಕ್ರೊಸೆಕೆಂಡ್ ಅಟ್ಯಾಕ್ ಕಂಪ್ಯೂಟರಿಗೆ ಕಾಣುವುದಿಲ್ಲ. 48 ಕಿಲೊಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ಲೇ ಅಷ್ಟು ಉದ್ದ.

ಎಲ್‌ಎ-2ಎ ಥರದ ವಾಲ್ವ್ ಯಂತ್ರ ಬಂದರೆ

ಇಲ್ಲಿ ಮೊದಲ ಮಾತು ಜೀವದ್ದು. ಒಳಗೆ 250 ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ. ಪ್ಲಗ್ ಕಿತ್ತಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. 10 ಕಿಲೊಓಮ್, 5 ವ್ಯಾಟಿನ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ, ಒಂದು ನಿಮಿಷ ಹಿಡಿದು ಖಾಲಿ ಮಾಡಿ. ಆಮೇಲೆ ಮೀಟರ್ ಹಾಕಿ ಸೊನ್ನೆ ಆಗಿದೆ ಅಂತ ನೋಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬಿಡಿ. ವಾಲ್ವ್ ಯಂತ್ರದ ಅನುಭವ ಇಲ್ಲದಿದ್ದರೆ ಮೊದಲ ಸಲ ಗೊತ್ತಿರುವವರ ಪಕ್ಕ ಕೂತು ಮಾಡಿ.

ಒಂದು ವಾಲ್ವಿನಿಂದ ಮುಂದಿನದಕ್ಕೆ ಹಾಡು ದಾಟಿಸಿ ಡಿಸಿ ತಡೆಯುವ ಹಳೇ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆಯೇ ಅಂತ ತಿಳಿಯಲು ಅದರ ಮುಂದಿನ ವಾಲ್ವಿನ ಗ್ರಿಡ್ಡಿನಲ್ಲಿ ಡಿಸಿ ಅಳೆಯಿರಿ. ಗ್ರಿಡ್ ರೆಸಿಸ್ಟರ್ ನೇರ ಗ್ರೌಂಡ್‌ಗೆ ಹೋಗುವ ಕಡೆ ಸೊನ್ನೆ ಇರಬೇಕು. ಪ್ಲಸ್ ಬಂದರೆ ಆ ಕೆಪಾಸಿಟರ್ ಬದಲಿಸಿ. ವಾಲ್ವ್‌ಗಳು 12ಎಎಕ್ಸ್7 ಎರಡು, 12ಬಿಎಚ್7 ಒಂದು, 6ಎಕ್ಯೂ5 ಒಂದು. 12ಎಎಕ್ಸ್7ಗೆ ಯುರೋಪಿನ ಹೆಸರು ಇಸಿಸಿ83. ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೊ ವಾಲ್ವ್‌ಗಳನ್ನು ಮಾಡುತ್ತಿತ್ತು. ಹಳೇ ರೇಡಿಯೊ ರಿಪೇರಿ ಅಂಗಡಿಯ ಡಬ್ಬಿಗಳಲ್ಲಿ ಅವು ಇನ್ನೂ ಸಿಗುತ್ತವೆ, ಕೇಳಿ ನೋಡಿ.

ಬೆಳಕಿನ ಡಬ್ಬಿ ಎಂಟು ಪಿನ್ನಿನ ಸಾಕೆಟ್‌ನಲ್ಲಿ ಕೂರುತ್ತದೆ. ಪಟ್ಟಿಗೆ ವಯಸ್ಸಾದಂತೆ ಬೆಳಕು ಮಂಕಾಗುತ್ತದೆ. ಮೊದಲು ಕಂಪ್ರೆಷನ್ ಎಷ್ಟು ಬೇಕು ಅಂತ ಹೇಳುವ ಪೀಕ್ ರಿಡಕ್ಷನ್ ನಾಬ್ 40ರಲ್ಲಿ ಸಾಕಾಗುತ್ತಿದ್ದದ್ದು ಈಗ 80ಕ್ಕೆ ಬೇಕಾಗುತ್ತದೆ. ಹೀಗಾದರೆ ಹೊಸ ಡಬ್ಬಿ ತರಿಸಿ, ಹಳೆಯದನ್ನು ತೆರೆಯಬೇಡಿ. ಒಳಗಿನ ಕ್ಯಾಡ್ಮಿಯಂ ವಿಷ. ಆರ್37 ಅನ್ನುವ ಪ್ರಿಸೆಟ್ ಮೇಲುಸ್ವರಗಳಿಗೆ ಯಂತ್ರ ಎಷ್ಟು ಸ್ಪಂದಿಸಬೇಕು ಅಂತ ಹೇಳುತ್ತದೆ. ಹಾಡಿಗೆ ಬಳಸುವುದಾದರೆ ಅದು ಪೂರ್ತಿ ಬಲಕ್ಕೆ, ಎಲ್ಲ ಸ್ವರಕ್ಕೂ ಸಮ ಇರುವ ಜಾಗದಲ್ಲಿ ಇರಲಿ.

ಹೆಜ್ಜೆ 8: ಅರ್ಥಿಂಗ್ ಮತ್ತು ಕೂರಿಸುವ ಜಾಗ

ಎಲ್ಲ ಸರಿಯಾದಮೇಲೂ ಗುಂಯ್ ಅಂದರೆ ಮನೆಯ ಅರ್ಥಿಂಗ್ ಗುಂಡಿ ನೋಡಿ. ನಮ್ಮ ಕಲ್ಲು ನೆಲದಲ್ಲಿ ಬೇಸಿಗೆಗೆ ಗುಂಡಿ ಒಣಗಿಬಿಡುತ್ತದೆ. ಇದ್ದಿಲು, ಉಪ್ಪು ಹಾಕಿದ ಹಳೇ ಗುಂಡಿಯಾದರೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಸದ್ದು ಹೋಗಲಿ ಅಂತ ಅರ್ಥ್ ಪಿನ್ ಮುರಿಯಬೇಡಿ. ಆಡಿಯೊ ಕೇಬಲ್ಲಿನ ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಬಿಡಿಸಿದರೆ ಸಾಕು. ಸಂಜೆ ಹೊತ್ತು ವೋಲ್ಟೇಜ್ ಕುಸಿಯುವ ಓಣಿಯಾದರೆ ಸ್ಟೆಬಿಲೈಜರ್ ಇರಲಿ.

ರ‍್ಯಾಕಿನಲ್ಲಿ ಕಂಪ್ರೆಸರ್ ಮೇಲೆ ಒಂದು ಖಾನೆ ಖಾಲಿ ಬಿಡಿ. ಪವರ್ ಆಂಪ್ಲಿಫೈಯರ್ ಅನ್ನು ಅದರ ಕೆಳಗೆ ಇಡಬೇಡಿ, ಅದರ ಬಿಸಿಯೆಲ್ಲ ಮೇಲೇರುತ್ತದೆ.

ಕೊನೆಗೆ ಒಂದು ಗಟ್ಟಿ ಕಾಗದದ ಮೇಲೆ ತಾರೀಖು, ಕೋಣೆಯ ಶಾಖ, ಪ್ಲಸ್ 30 ಮತ್ತು ಮೈನಸ್ 10ರ ನಿಜವಾದ ಅಳತೆ, ಎಫ್‌ಇಟಿಯ ಪಿಂಚ್-ಆಫ್ ಅಂಕಿ, ಬದಲಿಸಿದ ಭಾಗಗಳ ಪಟ್ಟಿ ಬರೆಯಿರಿ. ತೆಗೆದ ಹಳೇ ಭಾಗಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಕಾಗದದ ಜೊತೆ ಯಂತ್ರದ ಮಾಲೀಕರಿಗೆ ಕೊಡಿ. ಕಾಗದದ ಇನ್ನೊಂದು ಪ್ರತಿಯನ್ನು ಮುಚ್ಚಳದ ಒಳಗೆ ಅಂಟಿಸಿ. ಮೇ ತಿಂಗಳಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಕ್ಯೂ-ಬಯಾಸ್ ಮತ್ತೆ ನೋಡಿ, ಅದರ ಕೆಳಗೇ ಹೊಸ ಅಂಕಿ ಬರೆಯಿರಿ.